ಬರ್ಲಿನ್ ಡ್ರಾ: ಹದಿನಾಲ್ಕೇ ನಡೆ, ಅರ್ಧ ಪಾಯಿಂಟ್

ಮಂಗಳೂರು, ಉಡುಪಿ ಕಡೆ ಚೆಸ್ ಟೂರ್ನಿಯ ಕೊನೇ ರೌಂಡ್ ಶುರುವಾದ ಸ್ವಲ್ಪ ಹೊತ್ತಿಗೇ ಮೇಲಿನ ಬೋರ್ಡಿನವರು ಕೈಕುಲುಕಿ ಹೊರಗೆ ಬಂದರೆ, ಕಾಯುತ್ತಿರುವ ಅಪ್ಪ ಅಮ್ಮಂದಿರು ಕೇಳೋದು ಒಂದೇ: "ಇದೆಂಥದು ಮಾರಾಯ್ರೆ, ಆಡಲೇ ಇಲ್ವಲ್ಲ!" ಅಂಥದ್ದೊಂದು ಆಟವನ್ನು ಇವತ್ತು ಬೋರ್ಡ್ ಮೇಲೆ ಇಡೋಣ.

ಅಕ್ಷರ, ಅಂಕಿ ಸೇರಿದರೆ ಬೋರ್ಡಿನ ಒಂದು ಮನೆಯ ಹೆಸರು; ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು. ಇ4 ಇ5, ಕುದುರೆ ಎಫ್3, ಕುದುರೆ ಸಿ6, ಬಿಷಪ್ ಬಿ5. ಈ ಆರಂಭದ ಹೆಸರು ರುಯ್ ಲೋಪೆಜ್. ಕಪ್ಪು ಕುದುರೆ ಎಫ್6ಕ್ಕೆ ಬಂತು, ಇದು ಬರ್ಲಿನ್ ಡಿಫೆನ್ಸ್. 2000ದಲ್ಲಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮ್ಯಾಚಿನಲ್ಲಿ ಕ್ರಾಮ್ನಿಕ್ ಇದನ್ನೇ ನೆಚ್ಚಿಕೊಂಡರು, ಕಾಸ್ಪರೋವ್‌ಗೆ ಆ ಮ್ಯಾಚಿನಲ್ಲಿ ಒಂದೂ ಗೆಲುವು ಸಿಗಲಿಲ್ಲ. ನಾವು ನೋಡುವುದು ಇದರ ಬೇರೆ ಕವಲು.

ಬಿಳಿ ಕ್ಯಾಸಲ್ (ರಾಜ, ರೂಕ್ ಅಂದರೆ ಆನೆ ಒಟ್ಟಿಗೆ ಸರಿಯುವ ನಡೆ), ಕಪ್ಪು ಕುದುರೆ ಇ4 ಪಾನ್ (ಕಾಲಾಳು) ಹೊಡೆಯಿತು. ಡಿ4, ಕುದುರೆ ಡಿ6. ಬಿಳಿ ಪಾನ್ ಇ5 ಹೊಡೆದರೆ ಕುದುರೆ ಬಿ5ರ ಬಿಷಪ್ ತಿನ್ನುತ್ತದೆ. ಗಾಬರಿ ಬೇಡ, 7ನೇ ನಡೆ ಎ4. ಈಗ ಆ ಕುದುರೆಗೆ ಸುರಕ್ಷಿತ ಮನೆಯೇ ಇಲ್ಲ. ಹಾಗಾಗಿ ಡಿ4ಕ್ಕೆ ಹಾರಿ ಸಾಯುತ್ತದೆ: ಬಿಳಿ ಕುದುರೆ ಹೊಡೆತ, ಕಪ್ಪು ಕುದುರೆ ಹೊಡೆತ, ಕ್ವೀನ್ ಹೊಡೆತ. ಕಪ್ಪು ಡಿ5, ಬಿಳಿ ಆನ್ ಪಾಸಾಂ (ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಪಾನನ್ನು ದಾಟುತ್ತಲೇ ಹೊಡೆಯುವುದು), ಕಪ್ಪು ಕ್ವೀನ್ ಡಿ6. ಹತ್ತು ನಡೆ ಮುಗಿಯಿತು. ಎರಡೂ ಕಡೆ ಆರಾರು ಪಾನ್.

ಬಿಳಿ ಕ್ವೀನ್ ಇ4 ಚೆಕ್, ಕಪ್ಪು ಕ್ವೀನ್ ಇ6 ಅಡ್ಡ. ಕ್ವೀನ್ ಡಿ4, ಕ್ವೀನ್ ಡಿ6. ಮತ್ತೆ ಅದೇ. ಯಾಕೆ ಯಾರೂ ಬಿಡೋದಿಲ್ಲ? ಬಿಳಿಯವರು ಕ್ವೀನ್‌ಗೆ ಕ್ವೀನ್ ಹೊಡೆದು ಬದಲಾಯಿಸಿಕೊಂಡರೆ ಕಪ್ಪಿಗೆ ಎರಡು ಬಿಷಪ್, ಬಿಳಿಗೆ ಒಂದು ಕುದುರೆ, ಒಂದು ಬಿಷಪ್. ಕಪ್ಪು ಕ್ವೀನ್ ಇ6ರಲ್ಲೇ ಕೂತು ಎಫ್8 ಬಿಷಪ್ ಎತ್ತಿದರೆ ಜಿ7 ಪಾನ್ ಹೋಯಿತು. ಉದ್ದ (ಕ್ವೀನ್ ಕಡೆಯ) ಕ್ಯಾಸಲ್ ಮಾಡಿದರೆ ಎ7 ಪಾನ್. ಬಿಳಿ ಕ್ವೀನ್ ಡಿ4ರಲ್ಲಿ, ಕಪ್ಪು ಕ್ವೀನ್ ಇ6ರಲ್ಲಿರುವಾಗ "ಪಿನ್ ಸಿಕ್ತು" (ಹಿಂದೆ ರಾಜ ಇರೋದರಿಂದ ಕ್ವೀನ್ ಆ ಸಾಲು ಬಿಡಲಾರದು) ಅಂತ ಬಿಳಿ ರೂಕನ್ನು ಇ1ಕ್ಕೆ ತಂದಿರೋ, ಕಪ್ಪು ಕ್ವೀನ್ ಅದನ್ನೇ ತಿಂದು ಮೇಟ್! ಬಿ1ರ ಕುದುರೆ ಇನ್ನೂ ಮನೆಬಿಟ್ಟಿಲ್ಲ, ಎ1 ರೂಕ್ ಕಾಯಲಾರದು.

ಈಗ ಕ್ಲೇಮ್: ಒಂದೇ ಪೊಸಿಷನ್ ಮೂರು ಸಲ ಬಂದರೆ ಡ್ರಾ ಕೇಳಬಹುದು. ಎಣಿಸಬೇಕಾದ್ದು ಚೆಕ್‌ಗಳನ್ನಲ್ಲ, ಪೊಸಿಷನ್‌ಗಳನ್ನು. ಆಡುವ ಸರದಿಯೂ ಅದೇ ಇರಬೇಕು. ಕ್ವೀನ್ ಡಿ6 ಬಂದದ್ದು 10, 12, ಮತ್ತೆ 14ರಲ್ಲಿ. ಕಪ್ಪಿನವರು 14ನೇ ನಡೆಯನ್ನು ಆಡುವ ಮೊದಲೇ ಸ್ಕೋರ್‌ಶೀಟ್‌ನಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ಆರ್ಬಿಟರನ್ನು (ಪಂದ್ಯದ ತೀರ್ಪುಗಾರರನ್ನು) ಕರೆಯಬೇಕು. ಕಾಯಿ ಮುಟ್ಟಿದರೆ ಆ ನಡೆಗೆ ಹಕ್ಕು ಹೋಯಿತು. ಕ್ಲಾಸಿಕಲ್ (ಹೆಚ್ಚು ಸಮಯದ) ಆಟದಲ್ಲಿ ತಪ್ಪು ಕ್ಲೇಮ್ ಮಾಡಿದರೆ ಎದುರಾಳಿಗೆ 2 ನಿಮಿಷ ಹೆಚ್ಚುವರಿ. ಇಷ್ಟು ನಡೆಯೊಳಗೆ ಮಾತಾಡಿಕೊಂಡು ಡ್ರಾ ಮಾಡಬಾರದು ಎಂಬ ನಿಯಮ ಟೂರ್ನಿಯಲ್ಲಿದ್ದರೂ ಈ ಕ್ಲೇಮ್ ನಡೆಯುತ್ತದೆ.

ಬಿಳಿಯಲ್ಲಿ ಗೆಲ್ಲಲೇಬೇಕಾದರೆ ಇಷ್ಟೆಲ್ಲ ಯಾಕೆ, 4ನೇ ನಡೆಗೇ ಡಿ3 ಆಡಿ.