ಮಾಕ್ ಟೆಸ್ಟ್‌ನಲ್ಲಿ ಎಷ್ಟು ಬಂತು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಕೊಪ್ಪಳದಲ್ಲಿ ಈ ಹಾಲ್ ತುಂಬುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಹಿಂದಿನ ಸಾಲಿನಲ್ಲಿ ತಂದೆ ತಾಯಂದಿರೂ ಕೂತಿದ್ದೀರಿ. ಒಳ್ಳೆಯದಾಯಿತು, ಇವತ್ತಿನ ಅರ್ಧ ಮಾತು ನಿಮಗೇ.

ಆಹ್ವಾನ ಪತ್ರಿಕೆಯಲ್ಲಿ 'ಕ್ಯಾಟ್ ಪರೀಕ್ಷೆಗೆ ತಯಾರಿ' ಅಂತ ಹಾಕಿದ್ದಾರೆ. ಐಐಎಂನಂಥ ಕಾಲೇಜುಗಳಲ್ಲಿ ಎಂಬಿಎ ಸೇರೋಕೆ ಬರೆಯುವ ಪ್ರವೇಶ ಪರೀಕ್ಷೆ ಅದು. ಅಷ್ಟು ದೊಡ್ಡ ವಿಷಯ ನಾನು ಮುಟ್ಟುವುದಿಲ್ಲ. ಯಾವ ಪುಸ್ತಕ, ಯಾವ ಕೋಚಿಂಗ್ ಅನ್ನೋದು ಈ ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ನವೆಂಬರ್ ಕೊನೆಗೆ ಪರೀಕ್ಷೆ. ಈಗ ಎಲ್ಲರೂ ವಾರಕ್ಕೊಂದು, ಎರಡು ಮಾಕ್, ಅಂದರೆ ಅಭ್ಯಾಸದ ಪರೀಕ್ಷೆ, ಬರೀತಿದ್ದೀರಿ. ಮಾರನೇ ದಿನ ಕ್ಲಾಸಿಗೆ ಬಂದಾಗ ಸ್ಕೋರ್ ಕೇಳಬೇಕಾಗಿಲ್ಲ, ಮುಖದ ಮೇಲೇ ಇರುತ್ತೆ. ಆ ಸ್ಕೋರನ್ನು ಹೇಗೆ ಓದಬೇಕು ಅನ್ನೋದಷ್ಟೇ ಇವತ್ತಿನ ಮಾತು.

ಮೊದಲು ಪರ್ಸೆಂಟೈಲ್ ಮುಗಿಸಿಬಿಡೋಣ. ಮೊನ್ನೆ ಮದುವೆಮನೆಯಲ್ಲಿ ಹಿರಿಯರೊಬ್ಬರು ಹುಡುಗನಿಗೆ ಹೇಳ್ತಿದ್ದರು, 'ತೊಂಬತ್ತೊಂಬತ್ತು ಅಂದ್ರ ನೂರಕ್ಕ ತೊಂಬತ್ತೊಂಬತ್ತು ಮಾರ್ಕ್ಸ್ ತಗೋಬೇಕಪಾ, ಒಂದೂ ತಪ್ಪಂಗಿಲ್ಲ.' ಹುಡುಗ ಪಾಪ, ಹೋಳಿಗೆ ಹಿಡಿದುಕೊಂಡು ಸುಮ್ನೆ ತಲೆ ಆಡಿಸ್ತಿದ್ದ. ಹಾಗಲ್ಲ. 2024ರಲ್ಲಿ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ. 99 ಪರ್ಸೆಂಟೈಲ್ ಅಂದರೆ ನಿಮ್ಮ ಮುಂದೆ ಸುಮಾರು 2,900 ಜನ ಇದ್ದಾರೆ ಅಂತ. 90 ಅಂದರೆ 29,000 ಜನ. ಅಂಕ ಎಷ್ಟು ಅನ್ನೋದು ಬೇರೆ, ಸಾಲಿನಲ್ಲಿ ಎಲ್ಲಿ ನಿಂತಿದ್ದೀರಿ ಅನ್ನೋದು ಬೇರೆ.

ಹಾಗಾದರೆ ಮಾಕ್‌ನಲ್ಲಿ ಬರೋ ಪರ್ಸೆಂಟೈಲ್ ಯಾವ ಸಾಲಿನದು? ಆ ದಿನ ಆ ಸಂಸ್ಥೆಯ ಆ ಮಾಕ್ ಬರೆದವರದು, ಅಷ್ಟೇ. ಉಚಿತ ಮಾಕ್ ಆದರೆ ಸುಮ್ನೆ ನೋಡೋಣ ಅಂತ ಬಂದವರೂ ಅದರಲ್ಲಿ ಇರ್ತಾರೆ. ದುಡ್ಡು ಕೊಟ್ಟು ಸೇರಿದವರ ಸರಣಿಯಲ್ಲಿ ಪಟ್ಟು ಹಿಡಿದು ಓದುವವರೇ ಜಾಸ್ತಿ. ಅಲ್ಲಿ 94, ಇಲ್ಲಿ 81 ಬಂತು ಅಂದರೆ ನೀವು ಹಿಂದೆ ಬಿದ್ದಿರಿ ಅಂತಲ್ಲ, ಸಾಲು ಬದಲಾಗಿದೆ. ಎರಡು ಸಂಸ್ಥೆಗಳ ಪರ್ಸೆಂಟೈಲ್ ಪಕ್ಕಪಕ್ಕ ಇಟ್ಟು ಅಳಬೇಡಿ. ಕುಣಿಯೋದೂ ಬೇಡ.

ನಿಜವಾದ ಕ್ಯಾಟ್‌ನಲ್ಲೂ ಮೂರು ಸ್ಲಾಟ್ ಇವೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮೂರಕ್ಕೂ ಬೇರೆ ಬೇರೆ ಪ್ರಶ್ನೆಪತ್ರಿಕೆ. ಕಚ್ಚಾ ಅಂಕವನ್ನು ಹಾಗೇ ಹೋಲಿಸೋಕೆ ಆಗಲ್ಲ ಅಂತ ಐಐಎಂನವರೇ ಅದನ್ನು ಹೊಂದಿಸಿ, ಸ್ಕೇಲ್ ಮಾಡಿ, ಆಮೇಲೆ ಪರ್ಸೆಂಟೈಲ್ ಕೊಡ್ತಾರೆ. ಅವರೇ ಅಷ್ಟು ಹುಷಾರಾಗಿರುವಾಗ ನಾವು ಹಾಸ್ಟೆಲ್ ರೂಮಿನಲ್ಲಿ ಕೂತು 'ನಂದು 58, ನಿಂದು 51' ಅಂತ ತೀರ್ಪು ಕೊಡ್ತೀವಿ.

ಈಗ ಒಂದು ಕಥೆ. ನನ್ನ ವಿದ್ಯಾರ್ಥಿಗಳು ಇದನ್ನು ಎಷ್ಟು ಸಲ ಕೇಳಿದ್ದಾರೋ, ಮುಂದಿನ ಸಾಲಿನವರು ಆಗಲೇ ನಗ್ತಿದ್ದಾರೆ. ಇರಲಿ, ಹೊಸಬರಿಗೆ ಹೇಳ್ತೀನಿ.

ಗಂಗಾವತಿ ಕಡೆಯ ಒಬ್ಬ ಹುಡುಗಿ. ತಂದೆ ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವವರು. ಒಂದು ಮಾಕ್‌ನಲ್ಲಿ ಅವಳಿಗೆ 62 ಅಂಕ ಬಂತು. ಮನೆಯಲ್ಲಿ ಮಿರ್ಚಿ, ಮಂಡಕ್ಕಿ, ಸಂಭ್ರಮ. ಮುಂದಿನ ಮಾಕ್‌ನಲ್ಲಿ 41. ತಂದೆ ರಾತ್ರಿ ಮಿಲ್‌ನಿಂದ ಬಂದವರೇ ಚಪ್ಪಲಿ ಬಿಡುತ್ತಾ ಕೇಳಿದರಂತೆ, 'ಎಷ್ಟ್ ಬಂತವ್ವಾ?' ಇವಳು ಹೇಳಿದಳು. ಅವರು ಬೈಲಿಲ್ಲ. ಬೈದಿದ್ದರೆ ವಾಸಿ ಇತ್ತು. 'ಹೂಂ' ಅಂದು ಕೈಕಾಲು ತೊಳೆಯೋಕೆ ಹೋದರಂತೆ. ಆ ಒಂದು 'ಹೂಂ'ಗೆ ಹುಡುಗಿ ನನ್ನ ಹತ್ತಿರ ಬಂದು, 'ಸರ್, ನಾ ಬ್ಯಾಂಕ್ ಪರೀಕ್ಷೆ ಕಟ್ತೀನಿ, ಇದು ನಮ್ಮಂಥವರದಲ್ಲ' ಅಂದಳು.

ಕೂಡ್ರವ್ವಾ ಅಂದೆ. ಎರಡೂ ಶೀಟ್ ತೆರೆದೆವು. ಮೂರು ಸೆಕ್ಷನ್ ಇರುತ್ತೆ. ವರ್ಬಲ್, ಅಂದರೆ ಇಂಗ್ಲಿಷ್‌ನಲ್ಲಿ ಮೊದಲು 24, ಆಮೇಲೆ 22. ಕ್ವಾಂಟ್, ಅಂದರೆ ಗಣಿತದಲ್ಲಿ 18, ಆಮೇಲೆ 17. ಡಿಐಎಲ್ಆರ್, ಅಂದರೆ ಟೇಬಲ್ ಓದೋದು, ತರ್ಕ ಮಾಡೋದು, ಅದರಲ್ಲಿ ಮೊದಲು 20, ಆಮೇಲೆ 2. ಎರಡು ಅಂಕ! ಬಿದ್ದ 21ರಲ್ಲಿ 18 ಒಂದೇ ಕಡೆ ಬಿದ್ದಿದೆ. ಅದನ್ನೂ ಬಿಚ್ಚಿದೆವು. ಒಂದೊಂದು ಪ್ರಶ್ನೆಗೆ ಎಷ್ಟು ಸಮಯ ಹೋಯಿತು ಅಂತ ಆ ಪುಟದಲ್ಲಿ ಇರುತ್ತೆ, ಯಾರೂ ನೋಡಲ್ಲ. ನಲವತ್ತು ನಿಮಿಷದ ಸೆಕ್ಷನ್. ಅಲ್ಲಿ ಒಂದೇ ಟೇಬಲ್ ಅಥವಾ ಒಗಟಿನ ಮೇಲೆ ಕೇಳೋ ಪ್ರಶ್ನೆಗಳ ಗುಂಪಿಗೆ ಸೆಟ್ ಅಂತಾರೆ. ಮೊದಲ ಸೆಟ್ ಯಾವುದೋ ಟೂರ್ನಮೆಂಟ್‌ನ ಟೇಬಲ್. ಅದರ ಮೇಲೆ 19 ನಿಮಿಷ ಕೂತಿದ್ದಾಳೆ. ಒಂದು ಸರಿ, ಒಂದು ತಪ್ಪು. ಮೂರರಲ್ಲಿ ಒಂದು ಕಳೆದು ಎರಡು ಅಂಕ. ಆಮೇಲೆ ಗಾಬರಿಯಾಗಿ ಉಳಿದ ಸೆಟ್‌ಗಳ ಮೇಲೆ ಹಾರಾಡಿ ಏನೂ ಮುಗಿಸಿಲ್ಲ. ಕೊನೆಯ ಸೆಟ್ಟನ್ನು ಅಲ್ಲೇ ನನ್ನ ಮುಂದೆ ಮಾಡು ಅಂದೆ. ಚಹಾ ಆರುವಷ್ಟರಲ್ಲಿ ಮುಗಿಸಿದಳು. ನಾಲ್ಕೂ ಸರಿ.

ನೋಡಿ, ಇಲ್ಲಿ ಬುದ್ಧಿ ಕಡಿಮೆಯಾಗಿಲ್ಲ, ಓದಿದ್ದು ಮರೆತಿಲ್ಲ. ಒಂದು ಸೆಟ್ ಬಿಡಬೇಕಾಗಿತ್ತು, ಬಿಡಲಿಲ್ಲ. 41 ಅನ್ನೋ ಸಂಖ್ಯೆ ಅದನ್ನು ಹೇಳಲ್ಲ. ಅದಕ್ಕೇ ನಾನು ಹೋದಲ್ಲೆಲ್ಲ ಹೇಳೋದು, 'ಎಷ್ಟು ಬಂತು' ಅಂತ ಕೇಳಬೇಡಿ, 'ಯಾವುದು ಬಿಟ್ಟೆ' ಅಂತ ಕೇಳಿ. ಆ ತಂದೆಗೂ ಫೋನಿನಲ್ಲಿ ಇದನ್ನೇ ಹೇಳಿದೆ. ಅವರಿಗೆ ಸೆಟ್ ಅಂದರೆ ಏನಂತ ಇವತ್ತಿಗೂ ಗೊತ್ತಿಲ್ಲ. ಆದರೆ ಆಮೇಲೆ ಪ್ರತಿ ವಾರ ತಪ್ಪದೇ ಕೇಳ್ತಿದ್ದರಂತೆ, 'ಈ ಸಲ ಯಾವ ಸೆಟ್ ಬಿಟ್ಟಿಯವ್ವಾ?' ಅವಳು ಹೇಳಿದರೆ, 'ಚಲೋ ಆತು ಬಿಡು' ಅಂತಿದ್ದರಂತೆ. ಯಾಕೆ ಚಲೋ ಆಯಿತು ಅಂತ ಅವರಿಗೂ ಗೊತ್ತಿಲ್ಲ, ಕೇಳಿದವರಿಗೂ ಗೊತ್ತಿಲ್ಲ. ಹುಡುಗಿ ಮಾತ್ರ ಬಿಡೋದು ಕಲಿತಳು.

ಇನ್ನೊಂದು ಲೆಕ್ಕ, ಬೋರ್ಡ್ ಮೇಲೆ ಬರೀತೀನಿ. ಸರಿಯಾದರೆ ಮೂರು, ನಾಲ್ಕು ಆಯ್ಕೆಯ ಪ್ರಶ್ನೆ ತಪ್ಪಾದರೆ ಒಂದು ಹೋಗುತ್ತೆ. ಏನೂ ಗೊತ್ತಿಲ್ಲದೆ ಹತ್ತು ಪ್ರಶ್ನೆಗೆ ಕಣ್ಣುಮುಚ್ಚಿ ಒತ್ತಿದಿರಿ ಅಂದುಕೊಳ್ಳಿ. ಸರಾಸರಿ ನೋಡಿದರೆ ಸೊನ್ನೆ. ಆದರೆ ಒಂದು ದಿನ ನಾಲ್ಕು ಸರಿ ಹೋಗುತ್ತೆ, ಹನ್ನೆರಡರಲ್ಲಿ ಆರು ಕಳೆದು ಆರು ಅಂಕ. ಇನ್ನೊಂದು ದಿನ ಒಂದೇ ಸರಿ, ಮೂರರಲ್ಲಿ ಒಂಬತ್ತು ಕಳೆದು ಮೈನಸ್ ಆರು. ಅದೇ ಹುಡುಗ, ಅದೇ ಓದು, ಹನ್ನೆರಡು ಅಂಕದ ವ್ಯತ್ಯಾಸ. ಇದಕ್ಕೆ ನಾವು 'ಈ ವಾರ ಇಂಪ್ರೂವ್ ಆಗಿದ್ದಾನೆ' ಅಂತೀವಿ.

ಅದೇ ಎರಡು ಆಯ್ಕೆ ತಪ್ಪು ಅಂತ ಗೊತ್ತಿದ್ದು, ಉಳಿದ ಎರಡರಲ್ಲಿ ಒಂದು ಒತ್ತಿದರೆ, ಪ್ರಶ್ನೆಗೆ ಸರಾಸರಿ ಒಂದು ಅಂಕ ಲಾಭ. ಅದು ಊಹೆಯಲ್ಲ, ಅರ್ಧ ತಿಳುವಳಿಕೆ. ಹಾಗಾಗಿ ಮಾಕ್ ಬರೆಯುವಾಗಲೇ ರಫ್ ಶೀಟ್‌ನಲ್ಲಿ ಗುರುತು ಹಾಕಿ. ಗೊತ್ತಿದ್ದು ಮಾಡಿದ್ದಕ್ಕೆ ಒಂದು ಗುರುತು, ಅರ್ಧ ಗೊತ್ತಿದ್ದಕ್ಕೆ ಒಂದು, ಸುಮ್ನೆ ಒತ್ತಿದ್ದಕ್ಕೆ ಒಂದು. ಆಮೇಲೆ ಸುಮ್ನೆ ಒತ್ತಿದ್ದರಿಂದ ಬಂದ ಅಂಕ ಕಳೆದು ನೋಡಿ. ನಿಮ್ಮ ಅಸಲಿ ಸ್ಕೋರ್ ಅದು. ಉತ್ತರ ಟೈಪ್ ಮಾಡೋ ಪ್ರಶ್ನೆಗಳಿಗೆ, ನೀವು ಟಿಟಾ ಅಂತೀರಲ್ಲ, ನೆಗೆಟಿವ್ ಇಲ್ಲ. ಅದನ್ನು ಖಾಲಿ ಬಿಟ್ಟು ಬಂದರೆ ಮಾತ್ರ ನಾನೂ 'ಯಾಕೆ ಬಿಟ್ಟೆ' ಅಂತ ಬೈತೀನಿ.

ನಮ್ಮ ಕಡೆಯವರಿಗೆ ಇದು ಅರ್ಥವಾಗದೇ ಇರಲ್ಲ. ಜುಲೈನಲ್ಲಿ ಪೇಪರ್ ತೆಗೆದರೆ ಮೊದಲು ನೋಡೋದೇ ಟಿಬಿ ಡ್ಯಾಂ, ನಮ್ಮ ತುಂಗಭದ್ರಾ ಡ್ಯಾಂ, ಒಳಹರಿವು. ಒಂದು ದಿನ ಒಳಹರಿವು ಜೋರಾಯಿತು ಅಂತ ಯಾವ ರೈತನೂ ಅವತ್ತೇ ಭತ್ತದ ಸಸಿ ಹಾಕಲ್ಲ. ವಾರಗಟ್ಟಲೆ ನೋಡ್ತಾನೆ, ಮಟ್ಟ ಡ್ಯಾಂ ತುಂಬೋ 1,633 ಅಡಿ ಕಡೆಗೆ ಹೋಗ್ತಿದೆಯಾ ಅಂತ ನೋಡ್ತಾನೆ. ಮಾಕ್ ಅಂಕವನ್ನೂ ನಾಲ್ಕೈದರ ಸಾಲಿನಲ್ಲಿ ನೋಡಿ.

ವರ್ಬಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿ ಕನ್ನಡ ಮೀಡಿಯಂನವರು ಎಷ್ಟು ಜನ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ, ಅಲ್ವಾ? ನಿಮ್ಮ ವರ್ಬಲ್ ಅಂಕ ಕಡಿಮೆ ಬಂದ ತಕ್ಷಣ 'ನಂಗೆ ಇಂಗ್ಲಿಷ್ ಬರಲ್ಲ' ಅಂತ ಷರಾ ಬರೆದುಕೊಳ್ತೀರಿ. ತಪ್ಪಿದ ಪ್ಯಾಸೇಜನ್ನು ಎರಡು ದಿನ ಬಿಟ್ಟು, ಗಡಿಯಾರ ಇಲ್ಲದೆ, ಸರಿ ಉತ್ತರ ನೋಡದೆ, ಇನ್ನೊಂದು ಸಲ ಮಾಡಿ. ಈಗ ಸರಿ ಬಂತಾ? ಹಾಗಾದರೆ ಕೊರತೆ ಇರೋದು ವೇಗದಲ್ಲಿ. ಇನ್ನೂ ತಪ್ಪೇ ಬಂತಾ? ಹಾಗಾದರೆ ಅರ್ಥ ಮಾಡಿಕೊಳ್ಳೋದರಲ್ಲಿ. ಎರಡಕ್ಕೂ ಔಷಧ ಬೇರೆ. ಮೊದಲನೆಯವನು ನಾಲ್ಕು ಪ್ಯಾಸೇಜ್ ಬದಲು ಮೂರು ಮಾಡಿದರೂ ಅಂಕ ಏರುತ್ತೆ. ಇಲ್ಲೂ ಮತ್ತೆ ಅದೇ, ಯಾವುದು ಬಿಡೋದು. ಎರಡನೆಯವನು ಮಾಕ್ ನಿಲ್ಲಿಸಿ ದಿನಾ ಒಂದು ಗಂಟೆ ಓದಬೇಕು. ಇಬ್ಬರ ಸ್ಕೋರ್‌ಕಾರ್ಡಿನಲ್ಲೂ 19 ಅಂತಲೇ ಇರುತ್ತೆ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ, ಅಂದರೆ ಐದು.

ಪಿಜಿಸಿಇಟಿ, ಅಂದರೆ ರಾಜ್ಯದ ಕಾಲೇಜುಗಳಲ್ಲಿ ಎಂಬಿಎ ಸೇರೋಕೆ ಇರುವ ಪರೀಕ್ಷೆ, ಬರೆಯುವವರೂ ಇದ್ದೀರಿ. ಅಲ್ಲಿ ನಾನು ಇಷ್ಟು ಹೊತ್ತು ಹೇಳಿದ್ದು ತಿರುಗುಮುರುಗು. ನೂರು ಪ್ರಶ್ನೆ, ಎರಡು ಗಂಟೆ, ನೆಗೆಟಿವ್ ಇಲ್ಲ. ಒಂದೂ ಬಿಡಬೇಡಿ. ಕ್ಯಾಟ್ ಅಭ್ಯಾಸದಲ್ಲಿ ಅಲ್ಲಿಯೂ ಇಪ್ಪತ್ತು ಬಿಟ್ಟು ಬಂದು ಆಮೇಲೆ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ. ರಾಜ್ಯದ ಕಾಲೇಜುಗಳಲ್ಲಿ ನಮಗೆ 371ಜೆ, ಅಂದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿ, ಇದೆ, ಆ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಐಐಎಂಗೆ ಅದು ನಡೆಯಲ್ಲ.

ಸೆಕ್ಷನ್ ಕಟ್‌ಆಫ್ ಬಗ್ಗೆ ಹೇಳಬೇಕೆಂದಿದ್ದೆ. ಒಟ್ಟು ಪರ್ಸೆಂಟೈಲ್ ಚೆನ್ನಾಗಿದ್ದು ಒಂದು ಸೆಕ್ಷನ್‌ನಲ್ಲಿ ಬಿದ್ದರೆ ಸಂದರ್ಶನಕ್ಕೆ ಕರೆ ಬರದೇ ಹೋಗಬಹುದು, ಸದ್ಯಕ್ಕೆ ಅಷ್ಟು ಸಾಕು. ಕೊನೆಯ ವಾರ ಹೊಸ ಮಾಕ್ ಬೇಡ, ಹಿಂದಿನ ವರ್ಷಗಳ ಅಸಲಿ ಕ್ಯಾಟ್ ಪ್ರಶ್ನೆಪತ್ರಿಕೆ ತಗೊಳ್ಳಿ. ಪ್ರವೇಶಪತ್ರದಲ್ಲಿ ಸ್ಲಾಟ್ ಬಂದ ಮೇಲೆ ಅದೇ ಹೊತ್ತಿಗೆ ಕೂತು ಬರೆಯಿರಿ. ಮಧ್ಯಾಹ್ನದ ಸ್ಲಾಟ್ ಬಂದವರಂತೂ ಊಟ ಎಷ್ಟು ಮಾಡಬೇಕು ಅನ್ನೋದನ್ನೂ ಅಭ್ಯಾಸ ಮಾಡಿ, ನಾನು ತಮಾಷೆಗೆ ಹೇಳ್ತಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ ಹೊಡೆದು ಡಿಐಎಲ್ಆರ್ ಸೆಟ್ ಮುಂದೆ ಕೂತರೆ ಟೇಬಲ್ ಎರಡೆರಡು ಕಾಣುತ್ತೆ.

ಇನ್ನು ಪ್ರಶ್ನೆಗಳು. ಮೊಬೈಲ್‌ನಲ್ಲಿ ಕಳೆದ ಮಾಕ್‌ನ ಶೀಟ್ ಇದ್ದರೆ ತೆಗೆದಿಟ್ಟುಕೊಳ್ಳಿ. ಮೊದಲ ಪುಟ ಬೇಡ, ಸಮಯ ತೋರಿಸೋ ಪುಟ. ಹಿಂದಿನ ಸಾಲಿನ ಆ ತಾಯಿ ಆಗಿನಿಂದ ಕೈ ಎತ್ತಿದ್ದಾರೆ, ಅವರಿಗೆ ಮೈಕ್ ಕೊಡ್ರಪ್ಪಾ.