ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೈಯ ಆರೈಕೆ

ಕೇಳುಗರೇ, ನಮಸ್ಕಾರ.

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ಮೊದಲು ಎದೆಯ ಗಾಯದ್ದೇ ಚಿಂತೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಚಿಂತೆ ಕೈಗೆ ಇಳಿದಿರುತ್ತದೆ. ಕೈ ಮೇಲೆತ್ತಲಾಗದು, ರೆಟ್ಟೆಯ ಒಳಭಾಗ ಮುಟ್ಟಿದರೂ ಗೊತ್ತಾಗದು, ಸೊಂಟದ ಪಕ್ಕ ನೇತಾಡುವ ಡ್ರೈನಿನ, ಅಂದರೆ ಗಾಯದೊಳಗಿನ ದ್ರವ ಹೊರತೆಗೆಯುವ ನಳಿಕೆಯ, ಬಲ್ಬು ಬೇರೆ. ಕಾರಣವೆಲ್ಲ ಕಂಕುಳಲ್ಲಿದೆ.

ಕಂಕುಳಿನ ಕೊಬ್ಬಿನೊಳಗೆ ಸುಮಾರು 20ರಿಂದ 30 ದುಗ್ಧಗ್ರಂಥಿಗಳು, ಅಂದರೆ ಲಿಂಫ್ ನೋಡ್‌ಗಳು, ಹುದುಗಿರುತ್ತವೆ. ಕೈಯಿಂದ, ಎದೆಯಿಂದ ಬರುವ ದುಗ್ಧರಸ ಇವುಗಳಲ್ಲಿ ಸೋಸಿಕೊಂಡು ರಕ್ತಕ್ಕೆ ಮರಳುತ್ತದೆ. ಸೆಂಟಿನೆಲ್, ಅಂದರೆ ಸ್ತನದ ದುಗ್ಧರಸ ಮೊದಲು ಸೇರುವ ಕಾವಲು ಗ್ರಂಥಿಯ ಪರೀಕ್ಷೆಯಾದರೆ ಒಂದೆರಡು, ಹೆಚ್ಚೆಂದರೆ ನಾಲ್ಕೈದು ಗ್ರಂಥಿ ತೆಗೆಯುತ್ತಾರೆ. ಕಂಕುಳನ್ನೇ ಬಿಡಿಸಿ ಗ್ರಂಥಿಗಳ ಗುಂಪನ್ನೇ ತೆಗೆದರೆ ಹತ್ತಾದರೂ ಹೋಗುತ್ತವೆ, ಇಪ್ಪತ್ತೂ ಆಗಬಹುದು. ನಿಮಗೆ ಆದದ್ದು ಯಾವುದು ಎಂದು ಡಿಸ್ಚಾರ್ಜ್ ಚೀಟಿ ನೋಡಿ, ಇಲ್ಲವೇ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ನಾನು ಹೇಳುವ ಹೆಚ್ಚಿನ ಮಾತು ಎರಡನೆಯ ಗುಂಪಿನವರಿಗೆ.

ಮೊದಲು ಡ್ರೈನ್. ಗ್ರಂಥಿ ತೆಗೆದ ಜಾಗ ಪೊಳ್ಳಾಗಿರುತ್ತದೆ, ಕತ್ತರಿಸಿದ ದುಗ್ಧನಾಳಗಳು ಅಲ್ಲಿಗೆ ಒಸರುತ್ತಲೇ ಇರುತ್ತವೆ. ಅದನ್ನು ಹೊರಗೆಳೆಯುವುದು ಹಿಸುಕಿದ ಬಲ್ಬು. ಬಲ್ಬು ಚಪ್ಪಟೆಯಾಗಿದ್ದರೆ ಎಳೆತ ಇದೆ. ಗಾಳಿ ತುಂಬಿ ಉಬ್ಬಿದ್ದರೆ ಇಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅರ್ಧ ತುಂಬಿದರೆ ನಡುವೆಯೂ ಖಾಲಿ ಮಾಡಿ. ಸೋಪು ಹಾಕಿ ಕೈ ತೊಳೆದು, ಮುಚ್ಚಳ ಬಿಚ್ಚಿ, ದ್ರವವನ್ನು ಅಳತೆಯ ಲೋಟಕ್ಕೆ ಸುರಿಯಿರಿ. ಆಮೇಲೆ ಬಲ್ಬನ್ನು ಪೂರ್ತಿ ಹಿಸುಕಿ, ಹಿಡಿತ ಬಿಡದೆ ಮುಚ್ಚಳ ಹಾಕಿ. ಎಡವುವುದು ಇಲ್ಲಿಯೇ: ಮುಚ್ಚಳ ಹಾಕಿದ ಮೇಲೆ ಹಿಸುಕಿದರೆ ಒಳಗಿನ ಗಾಳಿಗೆ ಹೋಗಲು ದಾರಿಯೇ ಇರುವುದಿಲ್ಲ.

ಎಷ್ಟು ಮಿಲಿಲೀಟರ್, ಎಷ್ಟು ಹೊತ್ತಿಗೆ, ಯಾವ ಬಣ್ಣ ಎಂದು ಬರೆದಿಡಿ. ಮೊದಲು ಕೆಂಪಗಿದ್ದದ್ದು ನಸುಗೆಂಪಾಗಿ, ಕೊನೆಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. 24 ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ, ಅದೂ ಎರಡು ದಿನ ಸತತವಾಗಿ ಬಂದರೆ ಸಾಮಾನ್ಯವಾಗಿ ಡ್ರೈನ್ ತೆಗೆಯುತ್ತಾರೆ. ಅದಕ್ಕೆ ಒಂದರಿಂದ ಮೂರು ವಾರ ಹಿಡಿಯಬಹುದು.

ನಿನ್ನೆ 80 ಬಂದದ್ದು ಇವತ್ತು 5 ಬಂದರೆ ಸಂತೋಷಪಡುವ ಮುಂಚೆ ನಳಿಕೆ ನೋಡಿ. ದಾರದಂಥ ಗರಣೆ ಕಟ್ಟಿ ಮುಚ್ಚಿಕೊಂಡಿರಬಹುದು. ಚರ್ಮದ ಹತ್ತಿರ ನಳಿಕೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳ ನಡುವೆ ಒತ್ತುತ್ತಾ ಬಲ್ಬಿನ ಕಡೆಗೆ ಜಾರಿಸಿ. ಮೇಲೆ ಹಿಡಿಯುವ ಕೈ ಸಡಿಲವಾದರೆ ಎಳೆತವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಬಲ್ಬನ್ನು ಉಡುಪಿಗೆ ಪಿನ್ನು ಹಾಕಿ ಸಿಕ್ಕಿಸುವುದೂ ಇದಕ್ಕಾಗಿಯೇ. ಗರಣೆ ಜಾರದಿದ್ದರೆ, ಎಷ್ಟು ಹಿಸುಕಿದರೂ ಬಲ್ಬು ಮತ್ತೆ ಮತ್ತೆ ಉಬ್ಬಿದರೆ, ಅಥವಾ ತಿಳಿಯಾಗಿದ್ದ ದ್ರವ ಮತ್ತೆ ಗಾಢ ಕೆಂಪಾದರೆ ಆಸ್ಪತ್ರೆಗೆ ತಿಳಿಸಿ.

ಡ್ರೈನ್ ತೆಗೆದ ಮೇಲೆ ಕಂಕುಳಲ್ಲಿ ನೀರು ತುಂಬಿದ ಚೀಲದಂಥ ಉಬ್ಬು ಬರುವುದುಂಟು. ಇದು ಸೀರೋಮ. ಸಣ್ಣದಾದರೆ ದೇಹವೇ ಹೀರಿಕೊಳ್ಳುತ್ತದೆ. ಬಿಗಿದು ನೋಯುತ್ತಿದ್ದರೆ ವೈದ್ಯರು ಸೂಜಿಯಿಂದ ತೆಗೆಯುತ್ತಾರೆ, ಕೆಲವೊಮ್ಮೆ ಎರಡು ಮೂರು ಸಲ.

ರೆಟ್ಟೆಯ ಒಳಭಾಗ ಮರಗಟ್ಟುವುದಕ್ಕೆ ಕಾರಣ ಕಂಕುಳ ನಡುವೆ ಹಾದುಹೋಗುವ ಒಂದು ಸ್ಪರ್ಶನರ. ಶಸ್ತ್ರಚಿಕಿತ್ಸೆಯಲ್ಲಿ ಅದು ಎಳೆದಿರುತ್ತದೆ, ಇಲ್ಲವೇ ಕತ್ತರಿಸಿರುತ್ತದೆ. ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಸ್ವಲ್ಪ ಉಳಿದುಬಿಡಲೂಬಹುದು. ಉರಿ, ಚುಳುಕು ನಿದ್ದೆ ಕೆಡಿಸಿದರೆ ಅದಕ್ಕೆ ಔಷಧವಿದೆ, ಸಹಿಸಿಕೊಂಡು ಕೂರಬೇಡಿ. ಕಂಕುಳ ಕೂದಲಿಗೆ ಬ್ಲೇಡಿನ ಬದಲು ವಿದ್ಯುತ್ ಶೇವರ್ ಬಳಸಿ. ಮರಗಟ್ಟಿದ ಚರ್ಮ ಕೊಯ್ದರೂ ಗೊತ್ತಾಗುವುದಿಲ್ಲ.

ಇನ್ನು ವ್ಯಾಯಾಮ. ಹೆದರಿ ಕೈಯನ್ನು ಎದೆಗೆ ಅಂಟಿಸಿಕೊಂಡವರ ಭುಜ ಬಿಗಿದುಕೊಳ್ಳುತ್ತದೆ. ಅವಸರಪಟ್ಟು ತಲೆಯ ಮೇಲೆ ಚಾಚಿದವರಿಗೆ ಒಸರು ಹೆಚ್ಚುತ್ತದೆ, ಯಾಕೆಂದರೆ ಆಗತಾನೆ ಅಂಟಿಕೊಳ್ಳುತ್ತಿರುವ ಚರ್ಮ ಬಿಟ್ಟುಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಮುಷ್ಟಿ ಬಿಗಿದು ಬಿಡುವುದು, ಮಣಿಕಟ್ಟು ತಿರುಗಿಸುವುದು, ಮೊಣಕೈ ಮಡಚಿ ಚಾಚುವುದು, ಭುಜ ಎತ್ತಿ ಇಳಿಸುವುದು: ಒಂದೊಂದೂ ಹತ್ತು ಸಲ, ದಿನಕ್ಕೆ ಮೂರು ನಾಲ್ಕು ಬಾರಿ. ಡ್ರೈನ್ ಇರುವ ತನಕ ಮೊಣಕೈ ಭುಜದ ಮಟ್ಟ ದಾಟದಿರಲಿ. ಡ್ರೈನ್ ಹೋದ ಮೇಲೆ, ವೈದ್ಯರು ಒಪ್ಪಿದರೆ, ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸಿ. ಎಳೆದಂತಾದ ಕಡೆ ಹತ್ತು ಸೆಕೆಂಡ್ ನಿಂತು, ಹಾಗೆಯೇ ಕೆಳಗಿಳಿಸಿ. ಮುಟ್ಟಿದ ಎತ್ತರಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಎಳೆತ ಸರಿ, ಚುಚ್ಚುವ ನೋವು ಬಂದರೆ ನಿಲ್ಲಿಸಿ. ವಿಕಿರಣ ಚಿಕಿತ್ಸೆ ಇದ್ದವರಿಗೆ ಇದರಲ್ಲಿ ಗಡುವಿದೆ: ಅಲ್ಲಿ ಕೈಯನ್ನು ತಲೆಯ ಮೇಲಿಟ್ಟು ಅಲುಗಾಡದೆ ಮಲಗಬೇಕು.

ಎರಡನೆಯ ಮೂರನೆಯ ವಾರದ ಹೊತ್ತಿಗೆ ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿ ತಂತಿ ಬಿಗಿದ ಹಾಗೆ ಹುರಿ ಕಾಣಿಸಿಕೊಳ್ಳಬಹುದು. ನೋಡಲು ಗಾಬರಿ, ಆದರೆ ಅಪಾಯವಿಲ್ಲ. ಹಿತವಾಗಿ ಚಾಚುತ್ತಿದ್ದರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಸಡಿಲಾಗುತ್ತದೆ. ಫಿಸಿಯೋಥೆರಪಿಸ್ಟ್ ನೆರವು ಸಿಕ್ಕರೆ ಬೇಗ.

ಎಲ್ಲರೂ ಹೆದರುವ ಊತ, ಲಿಂಫೆಡೀಮಾ, ಕಂಕುಳು ಬಿಡಿಸಿದ ಐವರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಕಾವಲು ಗ್ರಂಥಿ ಮಾತ್ರ ತೆಗೆದವರಲ್ಲಿ ನೂರಕ್ಕೆ ಐದಾರು ಮಂದಿಗೆ. ಹೆಚ್ಚಾಗಿ ಮೊದಲ ಎರಡು ಮೂರು ವರ್ಷದಲ್ಲಿ, ಕೆಲವರಿಗೆ ಎಷ್ಟೋ ವರ್ಷದ ಮೇಲೆ. ಕಣ್ಣಿಗೆ ಕಾಣುವ ಮುಂಚೆ ಕೈ ಭಾರವೆನಿಸುತ್ತದೆ. ಉಂಗುರ, ಗಡಿಯಾರದ ಪಟ್ಟಿ, ಉಡುಪಿನ ತೋಳು ಬಿಗಿಯಾಗುತ್ತವೆ. ತಿಂಗಳಿಗೊಮ್ಮೆ ಎರಡೂ ಕೈಯನ್ನು ಟೇಪಿನಿಂದ ಅಳೆಯಿರಿ: ಮಣಿಕಟ್ಟು, ಮೊಣಕೈಗೆ 10 ಸೆಂಟಿಮೀಟರ್ ಕೆಳಗೆ, 10 ಸೆಂಟಿಮೀಟರ್ ಮೇಲೆ. ಶುರುವಿನ ಅಳತೆಗಿಂತ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ತೋರಿಸಿ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಈ ಊತ ಇಳಿಯದು, ಇದು ಪ್ರೋಟೀನು ತುಂಬಿದ ದ್ರವ. ಇದಕ್ಕೆ ಬೇಕಾದದ್ದು ಪದರ ಪದರವಾದ ಬ್ಯಾಂಡೇಜು, ಅಳತೆ ತೆಗೆದು ಕೊಟ್ಟ ಒತ್ತುತೋಳು (ಕೈಯನ್ನು ಒತ್ತಿ ಹಿಡಿಯುವ ಬಿಗಿ ತೋಳುಚೀಲ), ವ್ಯಾಯಾಮ, ತೂಕದ ಹತೋಟಿ. ಅಳತೆ ತಪ್ಪಿದ ಒತ್ತುತೋಳು ಹಗ್ಗ ಬಿಗಿದಂತೆ ಕೈಯನ್ನು ಇನ್ನಷ್ಟು ಊದಿಸುತ್ತದೆ.

ಮೊದಲ ನಾಲ್ಕಾರು ವಾರ ತುಂಬಿದ ಬಕೆಟ್ಟು, ಎತ್ತಿಕೊಳ್ಳುವ ಮಗು ಆ ಕೈಗೆ ಬೇಡ. ಜೀವಮಾನವಿಡೀ ಭಾರ ಎತ್ತಬಾರದು ಎಂಬುದು ಹಳೆಯ ಮಾತು. ನಿಧಾನವಾಗಿ ಹೆಚ್ಚಿಸುತ್ತ ಹೋಗುವ ಭಾರದ ವ್ಯಾಯಾಮದಿಂದ ಊತ ಹೆಚ್ಚುವುದಿಲ್ಲ ಎಂದು 2009ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಸೂಜಿ, ರಕ್ತದೊತ್ತಡದ ಪಟ್ಟಿ ಇನ್ನೊಂದು ಕೈಗೆ ಆದರೆ ಒಳ್ಳೆಯದು. ತುರ್ತಿನಲ್ಲಿ ಈ ಕೈಯೇ ಸಿಕ್ಕರೆ ತಡೆಯಬೇಡಿ.

ಗೀರು, ಸುಟ್ಟಗಾಯ, ಕೀಟದ ಕಡಿತವನ್ನು ಮಾತ್ರ ಹಗುರವಾಗಿ ಎಣಿಸಬೇಡಿ, ಕೂಡಲೇ ತೊಳೆದು ಮುಚ್ಚಿ. ಕೈ ಕೆಂಪೇರಿ ಬಿಸಿಯಾಗಿ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಸೋಂಕು. ಕೀಮೋಥೆರಪಿ ನಡೆಯುತ್ತಿದ್ದರಂತೂ ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ನಮಸ್ಕಾರ.