ಬೇರೆ ಲೋಹ ಅಂದ ಮಾತ್ರಕ್ಕೆ ಪ್ಯಾಟರ್ನ್ ಆಗಲ್ಲ

ನಮಸ್ಕಾರ. ನಾಣ್ಯದ ಬಣ್ಣ ಸ್ವಲ್ಪ ಬೇರೆ ಕಂಡರೆ ಸಾಕು, ‘ಪ್ಯಾಟರ್ನ್’ (ಹೊಸ ಲೋಹ ಅಥವಾ ವಿನ್ಯಾಸ ಪರೀಕ್ಷಿಸೋಕೆ ಟಂಕಸಾಲೆಯೇ ಮುದ್ರಿಸಿದ ಮಾದರಿ ನಾಣ್ಯ), ‘ಟ್ರಯಲ್ ಸ್ಟ್ರೈಕ್’ (ಪ್ರಯೋಗಕ್ಕೆ ಹಾಕಿದ ಅಚ್ಚು) ಅಂತ ಹೇಳಿ ನೂರು ಪಟ್ಟು ಬೆಲೆ ಕೇಳ್ತಾರೆ. ಇದು ಸರಿಯಲ್ಲ.

ಅಮೆರಿಕದ ಒಂದು ಸೆಂಟ್ ನಾಣ್ಯದ ಎರಡು ಉದಾಹರಣೆ ನೋಡಿ. 1974ರ ಅಲ್ಯೂಮಿನಿಯಂ ಸೆಂಟನ್ನು ಟಂಕಸಾಲೆ ಬೇಕಂತಲೇ ಮುದ್ರಿಸಿತು. ತಾಮ್ರ ದುಬಾರಿಯಾಗಿತ್ತು, ಬದಲಿ ಲೋಹ ಬೇಕಿತ್ತು. ಅದು ಪ್ಯಾಟರ್ನ್. 1943ರ ತಾಮ್ರದ ಸೆಂಟ್ ಹಾಗಲ್ಲ. ಯುದ್ಧಕ್ಕೆ ತಾಮ್ರ ಉಳಿಸೋಕೆ ಆ ವರ್ಷ ಸತು ಲೇಪಿಸಿದ ಉಕ್ಕು ಬಳಸಿದರು. ಹಿಂದಿನ ವರ್ಷದ ಕೆಲವು ತಾಮ್ರದ ಬಿಲ್ಲೆಗಳು (ಇನ್ನೂ ಅಚ್ಚು ಹಾಕದ ಖಾಲಿ ತುಂಡುಗಳು) ಉಕ್ಕಿನವುಗಳ ಜೊತೆ ಸೇರಿ ಅಚ್ಚಾದವು ಅನ್ನೋದೇ ಎಲ್ಲರೂ ಒಪ್ಪುವ ವಿವರಣೆ. ಅಂದರೆ ಅದು ಕೈತಪ್ಪು.

ಈ 1943ರಲ್ಲಿ ನಕಲಿಗಳೇ ಹೆಚ್ಚು. ಉಕ್ಕಿನ ಸೆಂಟಿಗೆ ತಾಮ್ರ ಲೇಪಿಸಿದ್ದರೆ ಅಯಸ್ಕಾಂತಕ್ಕೆ ಅಂಟುತ್ತೆ, ತೂಕ ಸುಮಾರು 2.7 ಗ್ರಾಂ ಬರುತ್ತೆ. ಅಸಲಿ ಅಂಟಲ್ಲ, ತೂಕ 3.11ರ ಆಸುಪಾಸು. 1948ರ 8 ಕೆರೆದು 3 ಮಾಡಿದ್ದರೆ ಈ ಎರಡೂ ಪರೀಕ್ಷೆ ಪಾಸಾಗುತ್ತೆ. ಆಗ ಲೆನ್ಸ್ ಹಿಡಿದು ಅಂಕಿ ನೋಡಿ. ಅಸಲಿಯಲ್ಲಿ 3ರ ಬಾಲ ಉದ್ದವಾಗಿ ಕೆಳಗೆ ಇಳಿದಿರುತ್ತೆ.

ಸಾಂದ್ರತೆ ನೋಡೋಕೆ ದುಬಾರಿ ಯಂತ್ರ ಬೇಡ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗಬಾರದು. 3.11 ಗ್ರಾಂ ನಾಣ್ಯಕ್ಕೆ 0.35 ತೋರಿಸಿದರೆ ಭಾಗಿಸಿ: 8.89, ತಾಮ್ರದ ಮಿಶ್ರಲೋಹಕ್ಕೆ ಸರಿ. ಒಂದು ಗಾಳಿಗುಳ್ಳೆ ಅಂಟಿ 0.36 ಬಂದರೆ ಉತ್ತರ 8.64ಕ್ಕೆ ಇಳಿಯುತ್ತೆ! ಅದಕ್ಕೇ ನೀರಿಗೆ ಒಂದು ಹನಿ ಸೋಪು ಹಾಕಿ, 0.001 ಗ್ರಾಂ ತೋರಿಸುವ ತಕ್ಕಡಿ ಬಳಸಿ. ತಾಮ್ರ 8.96, ನಿಕ್ಕಲ್ 8.9. ಇವೆರಡನ್ನು ಈ ವಿಧಾನ ಬೇರೆ ಮಾಡಲ್ಲ, ಅದಕ್ಕೆ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣ ಹಾಯಿಸಿ ಯಾವ ಲೋಹ ಅಂತ ಹೇಳುವ ಯಂತ್ರ) ಬೇಕು. ಅದೂ ಮೇಲ್ಪದರ ಮಾತ್ರ ಓದುತ್ತೆ, ದಪ್ಪ ಲೇಪನ ಇದ್ದರೆ ಮೋಸ ಹೋಗುತ್ತೆ. ಹಾಗಾಗಿ ಎರಡನ್ನೂ ಒಟ್ಟಿಗೆ ಮಾಡಿಸಿ.

ಇಷ್ಟಾದರೂ ಗೊತ್ತಾಗೋದು ಲೋಹ ಮಾತ್ರ. ಬೇಕಂತ ಮುದ್ರಿಸಿದ್ದೋ, ಬಿಲ್ಲೆ ಬೆರೆತದ್ದೋ ಅನ್ನೋದಕ್ಕೆ ಟಂಕಸಾಲೆಯ ದಾಖಲೆ ಬೇಕು, ಇಲ್ಲವೇ ಅದೇ ಜೋಡಿ ಅಚ್ಚಿನಿಂದ ಬಂದ, ಮೊದಲೇ ದಾಖಲಾದ ಇನ್ನೊಂದು ನಾಣ್ಯ ಬೇಕು. ಮಾರುವವರ ಹತ್ತಿರ ಎರಡೂ ಇಲ್ಲ ಅಂದರೆ ಪ್ಯಾಟರ್ನಿನ ಬೆಲೆ ಕೊಡಬೇಡಿ.